ಕರಿಬಂಡೆಯ ನಾಲ್ಕನೇ ಕ್ಯಾಸೆಟ್

"ಎಳಿ, ಎಳಿ! ನಿಲ್ಲಿಸ್ಬೇಡ ಕಣೇ!"

ರಶ್ಮಿತಾ ಗದ್ದೆಯ ಬದುವಿನ ಮೇಲೆ ಓಡುತ್ತಿದ್ದಳು. ಅವಳ ಕೈಯಲ್ಲಿ ಕಂದು ಬಣ್ಣದ ಟೇಪಿನ ತುದಿ ಇತ್ತು. ಆ ಕಡೆ ಕ್ಯಾಸೆಟ್ ಹಿಡಿದು ನಿಂತು ಕೂಗುತ್ತಿದ್ದವಳು ಮಧುಶ್ರೀ. ಕ್ಯಾಸೆಟ್ಟಿನ ಪುಟ್ಟ ಚಕ್ರ ಗರಗರ ತಿರುಗುತ್ತಿತ್ತು, ಟೇಪು ಸರಸರ ಹೊರಗೆ ಬರುತ್ತಿತ್ತು.

"ಸಾಕಾ?"

"ಇನ್ನೂ ಗೂಟ ಬಂದಿಲ್ಲ! ಬಿಡು ಬಿಡು!"

ಭತ್ತದ ತೆನೆಗೆ ಹಾಲು ತುಂಬಿತ್ತು. ಹಾಲು ತುಂಬಿದ ಸುದ್ದಿ ಊರವರಿಗಿಂತ ಮೊದಲು ಗಿಣಿಗಳಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗದ್ದೆ ತುಂಬ ಹಸಿರು ರೆಕ್ಕೆ. ಅದಕ್ಕೆ ಕೆ. ಹೊಸಕೋಟೆ ಕಡೆ ಒಂದು ಉಪಾಯ ಮಾಡುತ್ತಾರೆ. ಹಳೇ ಕ್ಯಾಸೆಟ್ಟಿನ ಟೇಪನ್ನು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಬಿಸಿಲಿಗೆ ಅದು ಫಳಫಳ ಹೊಳೆಯುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ. ಗಿಣಿಗಳು ಹತ್ತಿರ ಬರುವುದಿಲ್ಲ.

ಅಮ್ಮ ಎರಡು ಭಕ್ತಿಗೀತೆಯ ಕ್ಯಾಸೆಟ್ ಕೊಟ್ಟಿದ್ದರು. ಎರಡರಿಂದ ಎರಡು ಸಾಲು ಆಯಿತು. ಅಷ್ಟಕ್ಕೇ ಕೆಲಸ ಮುಗಿಯಬೇಕಿತ್ತು. ಆದರೆ ಸಹಾಯಕ್ಕೆ ಬಂದಿದ್ದ ಮಧುಶ್ರೀ ಸೊಂಟದ ಮೇಲೆ ಕೈ ಇಟ್ಟು, "ಎರಡೇ ಸಾಲಾ? ನಮ್ಮ ಗದ್ದೇಲಿ ಮೂರೈತೆ" ಅಂದಳು.

ಮಧುಶ್ರೀ ಹೇಳಿದ್ದು ನಿಜ. ಪಕ್ಕದ ಗದ್ದೆ ಅವರದೇ. ಮೂರು ಸಾಲು ಟೇಪು ಅಲ್ಲಿಂದಲೇ ಮಿನುಗುತ್ತಿತ್ತು. ರಶ್ಮಿತಾಗೆ ಮೂಗಿನ ತುದಿಗೆ ಕೋಪ ಬಂತು. "ಇರು, ಬಂದೆ" ಎಂದು ಮನೆಗೆ ಓಡಿದಳು.

ಮನೆಯ ಹಿಂದೆ ಕಾಫಿ ಮೂಟೆ ಇಡುವ ಸ್ಟೋರ್ ಇತ್ತು. ಅದರ ಮೂಲೆಯಲ್ಲಿ ದೊಡ್ಡಪ್ಪನ ಟ್ರಂಕು. ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ ನಟರಾಜ್. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಿಂದ ಮನೆಯ ಗದ್ದೆ, ಮನೆಯ ಎರಡು ಎಕರೆ ಕಾಫಿ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪನೇ. ಟ್ರಂಕಿಗೆ ಬೀಗ ಇರಲಿಲ್ಲ. ಹಳೇ ಸ್ವೆಟರ್‌ಗಳ ಕೆಳಗೆ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನಾಲ್ಕು ಕ್ಯಾಸೆಟ್ ಸಿಕ್ಕವು.

ಅಂಗಡಿಯ ಕ್ಯಾಸೆಟ್ಟಿನಂತೆ ಅವುಗಳ ಮೇಲೆ ದೇವರ ಫೋಟೋ ಇರಲಿಲ್ಲ, ಹೀರೋ ಫೋಟೋನೂ ಇರಲಿಲ್ಲ. ಪೆನ್ನಿನಲ್ಲಿ ಬರೆದಿತ್ತು, ಅಷ್ಟೇ. ಕರಿಬಂಡೆ ಒಂದು, ಕರಿಬಂಡೆ ಎರಡು, ಮೂರು, ನಾಲ್ಕು.

"ನಿಮ್ಮ ದೊಡ್ಡಪ್ಪನ್ನ ಕೇಳೇ" ಅಂದಳು ಮಧುಶ್ರೀ, ಕ್ಯಾಸೆಟ್ ನೋಡಿ.

"ಆಲೂರಿಗೆ ಹೋಗವ್ರೆ. ಮನೇಲಿ ಟೇಪ್‌ರೆಕಾರ್ಡರೇ ಇಲ್ಲ ಕಣೇ. ಹಾಕಕ್ಕಾಗದಿರೋ ಕ್ಯಾಸೆಟ್ ಇಟ್ಕೊಂಡು ಏನ್ಮಾಡ್ತಾರೆ?"

ಹಾಗಂದಳು ನಿಜ. ಆದರೆ ಬಟ್ಟೆಯಲ್ಲಿ ಸುತ್ತಿಟ್ಟದ್ದನ್ನು ಯಾರೂ ಕಸ ಎನ್ನುವುದಿಲ್ಲ ಎಂಬುದು ಐದನೇ ಕ್ಲಾಸಿನ ಹುಡುಗಿಗೆ ಗೊತ್ತಿರುವುದಿಲ್ಲವೇ? ರಶ್ಮಿತಾಗೂ ಗೊತ್ತಿತ್ತು. ಸಂಜೆಯವರೆಗೆ ಕಾದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಮೂರಕ್ಕಿಂತ ಆರು ದೊಡ್ಡದು ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಕರಿಬಂಡೆ ಒಂದು, ಎರಡು, ಮೂರು ಪೂರ್ತಿ ಹೋದವು. ನಾಲ್ಕನೆಯದನ್ನು ತೂಬಿನ ಪಕ್ಕದ ಚಿಕ್ಕ ಸಾಲಿಗೆ ಎಳೆದರು. ಅಲ್ಲಿ ಜಾಗ ಕಡಿಮೆ. ಸಾಲು ಮುಗಿದರೂ ಕ್ಯಾಸೆಟ್ಟಿನೊಳಗೆ ಸ್ವಲ್ಪ ಟೇಪು ಸುತ್ತಿಕೊಂಡೇ ಉಳಿಯಿತು. ರಶ್ಮಿತಾ ಕತ್ತರಿಯಲ್ಲಿ ಕಚ್ಚಕ್ ಎಂದು ಕತ್ತರಿಸಿದಳು. ಡಬ್ಬಿಗಳನ್ನು ಗೂಟದ ಬುಡದ ಹುಲ್ಲಿನೊಳಗೆ ತುರುಕಿದಳು.

ಸಂಜೆ ದೊಡ್ಡಪ್ಪ ಆಲೂರಿನಿಂದ ಬಂದವರು ಗದ್ದೆಯ ಹತ್ತಿರ ಬೈಕ್ ನಿಲ್ಲಿಸಿದರು. ಆರು ಸಾಲು ಟೇಪು ಗಾಳಿಗೆ ನಡುಗುತ್ತಿತ್ತು. ಅವರು ಟೇಪಿನ ಕೆಳಗೇ ನಿಂತು, ತಲೆ ಎತ್ತಿ ಆ ಸದ್ದು ಕೇಳಿಸಿಕೊಂಡರು.

"ಭೇಷ್ ಕಣಮ್ಮಿ! ಒಂದು ಗಿಣಿನೂ ಇಲ್ಲ ನೋಡು. ಸೌಂಡ್ ಎಂಗೈತೆ! ಯಾವ ಕ್ಯಾಸೆಟ್ ಇದು?"

"ಅಮ್ಮ ಕೊಟ್ಟಿದ್ದು" ಅಂದಳು ರಶ್ಮಿತಾ. ಆರರಲ್ಲಿ ಎರಡರ ಮಟ್ಟಿಗೆ ಅದು ಸುಳ್ಳಲ್ಲ.

ದೊಡ್ಡಪ್ಪ ಅವಳ ತಲೆ ಸವರಿ ಮನೆಗೆ ಹೋದರು. ಅವತ್ತು ಶನಿವಾರ.

*

ಬುಧವಾರ ಸಂಜೆ ರಶ್ಮಿತಾ ಹೋಂವರ್ಕ್ ಮಾಡುತ್ತಿದ್ದಳು. ಜಗಲಿಯಲ್ಲಿ ದೊಡ್ಡಪ್ಪನ ಫೋನ್ ಹೊಡೆದುಕೊಂಡಿತು. ದೊಡ್ಡಪ್ಪನಿಗೆ ಫೋನ್ ಕಿವಿಗೆ ಹಿಡಿದು ಮಾತಾಡಿ ಅಭ್ಯಾಸವಿಲ್ಲ. ಸ್ಪೀಕರ್ ಹಾಕಿದರೆ ಮೂರು ಮನೆಗೆ ಕೇಳುತ್ತದೆ.

"ಲೇ ನಟ, ನಾನು ಯೋಗಿ. ಸಕಲೇಶಪುರದಿಂದ."

"ಏನೋ ಮಾರಾಯ, ಬದುಕಿದೀಯಾ?"

"ನಮ್ಮ ಹೇಮಶ್ರೀ ಒಂದು ಕ್ಯಾಸೆಟ್ ಡೆಕ್ ತಂದವ್ಳೆ ಕಣೋ. ಹಳೇ ಕ್ಯಾಸೆಟ್ನೆಲ್ಲ ಕಂಪ್ಯೂಟರ್‌ಗೆ ಹಾಕಬೋದಂತೆ. ನಮ್ಮ ಕರಿಬಂಡೆ ಹಾಕಾನ ಅಂತ. ಆದ್ರೆ ನನ್ನತ್ರ ಒಂದೂ ಇಲ್ಲ. ಮನೆ ಬದಲಾಯಿಸಿದಾಗ ಎಲ್ಲ ಹೋಗ್ಬುಡ್ತು. ನಿನ್ನತ್ರ ಐತೇನೋ?"

ದೊಡ್ಡಪ್ಪ ಎದ್ದು ನಿಂತರು. "ನಾಲ್ಕೂ ಐತೆ ಕಣೋ! ಇಪ್ಪತ್ಮೂರು ಹಾಡು. ಒಂದೂ ಬಿಟ್ಟಿಲ್ಲ. ಬಟ್ಟೇಲಿ ಸುತ್ತಿ ಇಟ್ಟೀನಿ."

"ನಾಲ್ಕನೇದೂನಾ?"

"ನಾಲ್ಕನೇದೂ. ಅದೊಂದೇ ಕಾಪಿ ಅಲ್ವಾ ಇರೋದು? ಜೋಪಾನ ಮಾಡೀನಿ."

ಯೋಗಿ ಎಂದರೆ ಯೋಗೇಶ್, ದೊಡ್ಡಪ್ಪನ ಹಳೇ ಗೆಳೆಯ. ಅವರು ಅಂದರು: "ಭಾನುವಾರ ಬತ್ತೀವಿ. ಮೋಹನನ ತಾಯೀನೂ ಕರ್ಕೊಂಡು ಬತ್ತೀನಿ. ರಾಜಲಕ್ಷ್ಮಮ್ಮನೋರು ನಾನೂ ಬತ್ತೀನಿ ಅಂತ ಹಟ ಮಾಡ್ತಾವ್ರೆ. ಮಗನ ದನಿ ಕೇಳ್ಬೇಕಂತೆ."

ರಶ್ಮಿತಾಳ ಪೆನ್ಸಿಲ್ ನಿಂತೇಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳು ತನ್ನ ಎರಡೂ ಕೈ ನೋಡಿಕೊಂಡಳು.

ಫೋನ್ ಇಟ್ಟ ಮೇಲೆ ದೊಡ್ಡಪ್ಪನ ಮುಖ ಹಬ್ಬದಂತಿತ್ತು. ತಾವಾಗಿಯೇ ಬಂದು ಅವಳ ಪಕ್ಕ ಕೂತರು.

"ನಿಂಗೆ ಹೇಳೇ ಇಲ್ಲ ಅಲ್ವಾ ಮಗಾ? ನಮ್ದೊಂದು ಬ್ಯಾಂಡ್ ಇತ್ತು, ಕರಿಬಂಡೆ ಅಂತ. ಹಾರ್ಡ್ ರಾಕ್! ನಾನು ಗಿಟಾರು, ಯೋಗಿ ಡ್ರಮ್ಸು, ಮೋಹನ ಹಾಡೋನು. ನನ್ನ ಕೂದ್ಲು ಇಲ್ಲೀವರೆಗೂ ಇತ್ತು." ಅವರು ಭುಜ ಮುಟ್ಟಿ ತೋರಿಸಿದರು. ಈಗ ಆ ತಲೆಯ ಮೇಲೆ ಬಿಸಿಲಿಗೆ ಹೊಳೆಯುವ ಬೋಳು ಬಿಟ್ಟು ಬೇರೇನೂ ಇರಲಿಲ್ಲ.

"ಮೊದಲನೇ ಕ್ಯಾಸೆಟ್ಟು ಯೋಗಿ ಮನೆ ಕಾಫಿ ಸ್ಟೋರಲ್ಲಿ ರೆಕಾರ್ಡ್ ಮಾಡಿದ್ವಿ. ಸೌಂಡ್ ಹೊರಗೆ ಹೋಗಬಾರದು ಅಂತ ಗೋಡೆಗೆಲ್ಲ ಗೋಣಿಚೀಲ ನೇತಾಕಿ! ಮೂರನೇ ಹಾಡಲ್ಲಿ ಅವರ ಮನೆ ನಾಯಿ ಬೊಗಳೋದು ಕೇಳ್ತದೆ. ಎರಡನೇದು ಹಾಸನದಲ್ಲಿ, ಮದುವೆ ಹಾಡು ರೆಕಾರ್ಡ್ ಮಾಡೋ ಸ್ಟುಡಿಯೋ. ಆ ಸ್ಟುಡಿಯೋದೋರು ಕಿವಿಗೆ ಹತ್ತಿ ಇಟ್ಕೊಂಡು ಕೂತಿದ್ರು. ಮೂರನೇದು ಕಾಲೇಜ್ ಡೇ. ಅರ್ಧದಲ್ಲಿ ಕರೆಂಟ್ ಹೋಯ್ತು. ಹುಡುಗ್ರು ಸೀಟಿ ಹೊಡೆಯೋದೆಲ್ಲ ಅದರಲ್ಲೈತೆ."

"ನಾಲ್ಕನೇದು?"

ದೊಡ್ಡಪ್ಪನ ನಗು ಸ್ವಲ್ಪ ಕಡಿಮೆಯಾಯಿತು. "ಅದು ಹೊರಗೆ ಬರ್ಲೇ ಇಲ್ಲ. ಹಾಡು ಮುಗೀತು, ಮಾರನೇ ವರ್ಷ ಮೋಹನಂಗೆ ಜ್ವರ ಬಂತು. ಹೋಗ್ಬುಟ್ಟ. ಅವನಿಲ್ದೆ ಬ್ಯಾಂಡ್ ಏನು ಬಂತು? ಗಿಟಾರ್ ಯಾರಿಗೋ ಕೊಟ್ಬುಟ್ಟೆ."

ಹೇಳಿಬಿಡಬೇಕು ಎಂದು ರಶ್ಮಿತಾ ಬಾಯಿ ತೆರೆದಳು. ದೊಡ್ಡಪ್ಪ ಅಷ್ಟರಲ್ಲಿ, "ಆ ಟ್ರಂಕ್ ಈಗ ತೆಗೆಯಲ್ಲ, ಭಾನುವಾರ ಮೂರೂ ಜನ ಸೇರೇ ತೆಗೀತೀವಿ" ಎಂದು ಎದ್ದು ಹೋದರು. ಬಂದ ಮಾತು ವಾಪಸ್ ಹೊಟ್ಟೆಗೆ ಹೋಯಿತು.

*

ಗುರುವಾರ ಸ್ಕೂಲು ಬಿಟ್ಟ ಕೂಡಲೇ ಇಬ್ಬರೂ ಗದ್ದೆಗೆ ಓಡಿದರು.

"ಎಲ್ಲ ವಾಪಸ್ ಸುತ್ತಿಬಿಡಾನ. ಯಾರಿಗೂ ಗೊತ್ತಾಗಲ್ಲ" ಅಂದಳು ರಶ್ಮಿತಾ.

"ಹೇಳ್ಬುಡೇ. ನಿಮ್ಮ ದೊಡ್ಡಪ್ಪ ಹೊಡೆಯಲ್ಲ."

"ಹೊಡೆದ್ರೆ ಪರವಾಗಿರ್ಲಿಲ್ಲ. ನೀನು ಅವರ ಮುಖ ನೋಡ್ಬೇಕಿತ್ತು ನಿನ್ನೆ. ನಂಗೆ ಹೇಳಕ್ಕಾಗಲ್ಲ."

ಬಿಚ್ಚುವುದು ಹತ್ತು ನಿಮಿಷದ ಕೆಲಸವಾಗಿತ್ತು. ಸುತ್ತುವುದು ಹಾಗಲ್ಲ. ಚಕ್ರದೊಳಗೆ ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ ಬೆರಳು ಕೆಂಪಾದವು. ಐದು ದಿನದ ಬಿಸಿಲು, ಐದು ದಿನದ ಇಬ್ಬನಿ. ಟೇಪು ಅಲ್ಲಲ್ಲಿ ಸುಕ್ಕಾಗಿತ್ತು, ಅಲ್ಲಲ್ಲಿ ತುಂಡಾಗಿತ್ತು. ತುಂಡಾದಲ್ಲಿ ರಶ್ಮಿತಾ ಗಂಟು ಹಾಕಿದಳು. ಮಧುಶ್ರೀ ತನ್ನ ಕಂಪಾಸ್ ಬಾಕ್ಸಿನಿಂದ ಸೆಲೋಟೇಪ್ ತಂದು ಅಂಟಿಸಿದಳು. ಯಾವ ತುಂಡು ಯಾವ ಕ್ಯಾಸೆಟ್ಟಿನದು, ಯಾವುದು ಮೇಲ್ಮುಖ, ಯಾವುದು ಕೆಳಮುಖ? ಟೇಪಿನ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ!

ಶುಕ್ರವಾರ ಮಧುಶ್ರೀಗೆ ಬರಲಾಗಲಿಲ್ಲ. ರಶ್ಮಿತಾ ಒಬ್ಬಳೇ ತೂಬಿನ ಹತ್ತಿರ ಹೋದಳು. ಸುತ್ತಲು ಉಳಿದಿದ್ದು ಅಲ್ಲಿಯ ಚಿಕ್ಕ ಸಾಲು ಒಂದೇ. ಆ ಸಾಲು ಗೂಟದ ಮೇಲೆ ಇರಲಿಲ್ಲ. ಪಕ್ಕದ ಮನೆ ಕೆಂಚಯ್ಯನ ಎಮ್ಮೆ ನೀರಿಗೆ ಬಂದು ಗೂಟ ಬೀಳಿಸಿ ಹೋಗಿತ್ತು. ಟೇಪೆಲ್ಲ ಅದರ ಕಾಲಿಗೆ ಸಿಕ್ಕಿ ಕೆಸರಿನಲ್ಲಿ ಮುದ್ದೆಯಾಗಿತ್ತು.

ಅವಳು ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಕೆಸರು ಮೊಣಕೈವರೆಗೆ ಇಳಿಯಿತು. ತುದಿ ಹುಡುಕಿದಳು, ಸಿಗಲಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯಿತು. ಅಳು ಬಂತು. ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ದೊಡ್ಡಪ್ಪನ ಬೈಕಿನ ಸದ್ದು.

ಗದ್ದೆಯ ಆಚೆ ಹಳ್ಳ ಹರಿಯುತ್ತಿತ್ತು. ರಶ್ಮಿತಾ ನಾಲ್ಕು ಹೆಜ್ಜೆ ಓಡಿ, ಮುದ್ದೆಯನ್ನು ನೀರಿಗೆ ಬಿಟ್ಟಳು. ಅದು ಒಮ್ಮೆ ಮುಳುಗಿತು, ಒಮ್ಮೆ ಎದ್ದಿತು, ನೀರಿನಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ಹೋಗಿಬಿಟ್ಟಿತು. ಅವಳು ಕೈ ತೊಳೆದುಕೊಂಡಳು.

"ಏನ್ಮಾಡ್ತಿದ್ದೀ ಮಗಾ ಅಲ್ಲಿ?" ದೊಡ್ಡಪ್ಪ ಕೂಗಿದರು.

"ಕೈ ತೊಳೀತಿದೀನಿ!"

ಶನಿವಾರ ದೊಡ್ಡಪ್ಪ ತೋಟಕ್ಕೆ ಹೋದಾಗ, ನಾಲ್ಕೂ ಕ್ಯಾಸೆಟ್ಟನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಅದೇ ಸ್ವೆಟರ್‌ಗಳ ಕೆಳಗೆ ಇಟ್ಟಳು.

*

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರು ಬಂತು. ಯೋಗೇಶ್ ದಪ್ಪ ಮನುಷ್ಯ. ಇಳಿದ ಕೂಡಲೇ ದೊಡ್ಡಪ್ಪನ ಬೋಳುತಲೆಯ ಮೇಲೆ ಡ್ರಮ್ಸಿನಂತೆ ಎರಡು ಏಟು ಬಾರಿಸಿದರು. ಇಬ್ಬರೂ ಕಾಲೇಜು ಹುಡುಗರಂತೆ ನಕ್ಕರು. ಯೋಗೇಶ್ ಮಗಳು ಹೇಮಶ್ರೀ ಡೆಕ್ಕು, ಲ್ಯಾಪ್‌ಟಾಪು, ವೈರು ಎಲ್ಲ ತಂದು ಜಗಲಿಯಲ್ಲಿ ಜೋಡಿಸಿದಳು.

ಕೊನೆಗೆ ಇಳಿದವರು ಮೋಹನನ ತಾಯಿ ರಾಜಲಕ್ಷ್ಮಮ್ಮ. ಸಣ್ಣ ದೇಹ, ದೊಡ್ಡ ದನಿ.

"ಅಯ್ಯೋ ಶಿವನೇ, ಇವರ ಗಲಾಟೆ ಕೇಳಕ್ಕೆ ನಾನು ಅಷ್ಟು ದೂರದಿಂದ ಬಂದೆನಾ!" ಎನ್ನುತ್ತಾ ಕುರ್ಚಿಯಲ್ಲಿ ಕೂತರು. ಅಮ್ಮ ಕಾಫಿ ತಂದುಕೊಟ್ಟರು. "ನಮ್ಮ ಮನೇಲಿ ಇವರು ಪ್ರಾಕ್ಟೀಸ್ ಮಾಡಿದ್ರೆ ತಗಡು ಬಡಿದಂಗಿರ್ತಿತ್ತು ಕಣಮ್ಮ. ನಾನು ಒಳಗಿಂದ ಕೂಗ್ತಿದ್ದೆ, ಲೋ ಮೋಹನ, ನಿಲ್ಲಿಸೋ ಅಂತ. ಒಂದು ಹಾಡೂ ಪೂರ್ತಿ ಕೇಳ್ಲಿಲ್ಲ ನಾನು."

ಅವರು ಕಾಫಿ ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದರು.

"ಅವನು ಹೋದ ಮೇಲೆ ಕ್ಯಾಸೆಟ್ ಡಬ್ಬ ನೋಡಿದ್ರೆ ಹೊಟ್ಟೆ ಉರೀತಿತ್ತು. ಗುಜರಿಯೋನಿಗೆ ಹಾಕ್ಬುಟ್ಟೆ. ಈಗ ನೋಡು, ದನಿ ಹೆಂಗಿತ್ತು ಅಂತ ನೆನೆಸ್ಕೊಂಡ್ರೆ ಬರಲ್ಲ. ಮುಖ ಬತ್ತದೆ, ದನಿ ಬರಲ್ಲ."

ರಶ್ಮಿತಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಓಡಿಹೋಗಬೇಕು ಅನ್ನಿಸಿತು. ಆದರೆ ಬಾಗಿಲ ಚಿಲಕ ಹಿಡಿದುಕೊಂಡು ಅಲ್ಲೇ ಉಳಿದಳು.

ದೊಡ್ಡಪ್ಪ ಟ್ರಂಕಿನಿಂದ ಬಟ್ಟೆಯ ಗಂಟು ತಂದರು. ಎಲ್ಲರ ಎದುರು ಬಿಚ್ಚಿ, ಮೊದಲ ಕ್ಯಾಸೆಟ್ಟನ್ನು ಹೇಮಶ್ರೀಗೆ ಕೊಟ್ಟರು. "ಹಾಕು ತಾಯಿ. ವಾಲ್ಯೂಮ್ ಜಾಸ್ತಿ ಇಡು. ಊರು ಕೇಳ್ಲಿ."

ಹೇಮಶ್ರೀ ಬಟನ್ ಒತ್ತಿದಳು.

ಬಂದದ್ದು ಹಾಡಲ್ಲ. ನೀರಿನೊಳಗಿಂದ ಯಾರೋ ಹಿಂದುಮುಂದಾಗಿ ಮಾತಾಡಿದಂಥ ಸದ್ದು. ಒಂದು ಕ್ಷಣ ಗಿಟಾರು ಕೇಳಿತು. "ಅದೇ! ಅದೇ!" ಎಂದು ಯೋಗೇಶ್ ತೊಡೆ ತಟ್ಟಿದರು. ಆಮೇಲೆ ಕಿರ್ರ್ ಎಂದಿತು. ಕಟ್ ಎಂದು ನಿಂತಿತು.

ಹೇಮಶ್ರೀ ಕ್ಯಾಸೆಟ್ ಹೊರಗೆ ತೆಗೆದಳು. ಟೇಪು ಡೆಕ್ಕಿನೊಳಗೆ ಸಿಕ್ಕಿಕೊಂಡು ಕರುಳಿನಂತೆ ಎಳೆದುಕೊಂಡು ಬಂತು. ಅದರಲ್ಲೊಂದು ಗಂಟು. ಇನ್ನೊಂದು ಗಂಟು. ಒಂದು ಕಡೆ ಸೆಲೋಟೇಪು.

"ಅಂಕಲ್, ಇದನ್ನ ಯಾರೋ ಬಿಚ್ಚಿ ಸುತ್ತಿದಾರೆ" ಅಂದಳು ಮೆಲ್ಲಗೆ.

ದೊಡ್ಡಪ್ಪ ಕ್ಯಾಸೆಟ್ ಕೈಗೆ ತಗೊಂಡು ಅಲ್ಲಾಡಿಸಿದರು. ಡಬ್ಬಿಯೊಳಗಿಂದ ಒಂದು ಹಸಿ ಭತ್ತದ ಕಾಳು ಅವರ ಅಂಗೈಗೆ ಬಿತ್ತು. ಅವರು ಕಾಳು ನೋಡಿದರು. ಆಮೇಲೆ ಜಗಲಿಯಿಂದ ಕೆಳಗೆ, ಅಮ್ಮ ಕೊಟ್ಟ ಎರಡು ಸಾಲು ಬಿಟ್ಟರೆ ಬರೀ ಗೂಟ ನಿಂತಿದ್ದ ಗದ್ದೆ ನೋಡಿದರು.

"ನಾನು ದೊಡ್ಡಪ್ಪ" ಅಂದಳು ರಶ್ಮಿತಾ. "ಗಿಣಿಗೆ ಅಂತ ಕಟ್ಟಿದ್ದೆ. ನಾಲ್ಕನ್ನೂ. ಗೊತ್ತಿರ್ಲಿಲ್ಲ... ಆಮೇಲೆ ಸುತ್ತಿಟ್ಟೆ."

ಅಮ್ಮ, "ಅಯ್ಯೋ ನಿನ್ನ! ಭಾವ, ಇವಳು..." ಎಂದು ಕೈ ಎತ್ತಿಕೊಂಡು ಬಂದರು. ದೊಡ್ಡಪ್ಪ ತಡೆದರು.

"ಹೋಗ್ಲಿ ಬುಡಮ್ಮ. ಮಗು. ಹೋಗ್ಲಿ ಬುಡು."

ಹಾಗೆಂದು ಎದ್ದು ಅಂಗಳಕ್ಕೆ ಇಳಿದರು. ಎಲ್ಲರಿಗೂ ಬೆನ್ನು ಮಾಡಿ, ಕಾಫಿ ಗಿಡದ ಒಣಗಿದ ಎಲೆಗಳನ್ನು ಒಂದೊಂದೇ ಕೀಳತೊಡಗಿದರು. ಯಾಕೆ ಬೈಯುವುದಿಲ್ಲ ಇವರು? ಒಂದು ಏಟಾದರೂ ಹೊಡೆಯಬಾರದೇ? ಮಗ್ಗಿ ತಪ್ಪಿದರೆ ಕಿವಿ ಹಿಂಡುವ ದೊಡ್ಡಪ್ಪ, ಇಷ್ಟು ದೊಡ್ಡ ತಪ್ಪಿಗೆ ಹೋಗಲಿ ಬಿಡು ಎಂದರೆ ಹೇಗೆ? ರಶ್ಮಿತಾಗೆ ಅಳಲೂ ಆಗಲಿಲ್ಲ.

ಹೇಮಶ್ರೀ ಎರಡನೆಯದು, ಮೂರನೆಯದು ಹಾಕಿ ನೋಡಿದಳು. ಒಂದು ಕಡೆ ಐದು ಸೆಕೆಂಡ್ ಡ್ರಮ್ಸು. ಒಂದು ಕಡೆ ಸೀಟಿಯ ಸದ್ದು. ಒಂದು ಕಡೆ ನಾಯಿ ಬೊಗಳಿತು. ಮೊದಲನೇ ಕ್ಯಾಸೆಟ್ಟಿನ ನಾಯಿ ಮೂರನೇ ಕ್ಯಾಸೆಟ್ಟಿನೊಳಗೆ ಸೇರಿಕೊಂಡಿತ್ತು. ಯೋಗೇಶ್ ನಗಲು ನೋಡಿದರು, ಆಗಲಿಲ್ಲ.

"ಗಂಟು ಬಿಚ್ಚಿ, ತುಂಡು ತುಂಡು ಜೋಡಿಸಿದ್ರೆ ಸ್ವಲ್ಪ ಸಿಗಬೋದು. ಟೈಮ್ ಬೇಕು" ಅಂದಳು ಹೇಮಶ್ರೀ. ಆಮೇಲೆ ನಾಲ್ಕನೆಯದನ್ನು ಎತ್ತಿಕೊಂಡಳು. "ಇದರಲ್ಲಿ ಟೇಪೇ ಇಲ್ವಲ್ಲ? ಒಂಚೂರೇ ಐತೆ. ಉಳಿದಿದ್ದು ಎಲ್ಲಿ ಪುಟ್ಟಾ?"

ರಶ್ಮಿತಾ ನೆಲ ನೋಡಿದಳು.

"ಮಣ್ಣಾಗಿದ್ರೂ ಪರವಾಗಿಲ್ಲ. ಗಂಟಾಗಿದ್ರೂ ಪರವಾಗಿಲ್ಲ. ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿದ್ರೆ ಹಾಡು ಬತ್ತದೆ. ನಾನು ಮಾಡೀನಿ. ಎಲ್ಲೈತೆ ಹೇಳು."

ತೊಳೆದರೆ ಬರುತ್ತಿತ್ತು! ಆ ಕೆಸರಿನ ಮುದ್ದೆ ತೊಳೆದರೆ ಹಾಡಾಗುತ್ತಿತ್ತು. ಶುಕ್ರವಾರ ಅದು ಅವಳ ಎರಡೂ ಕೈಯಲ್ಲಿತ್ತು.

"ಗೊತ್ತಿಲ್ಲ" ಅಂದಳು ರಶ್ಮಿತಾ.

ಹೇಮಶ್ರೀ ಪುಟ್ಟ ಸ್ಕ್ರೂಡ್ರೈವರ್‌ನಿಂದ ಡಬ್ಬಿ ಬಿಚ್ಚಿದಳು. ಒಳಗೆ ಉಳಿದಿದ್ದ ಟೇಪನ್ನು ಇನ್ನೊಂದು ಚಕ್ರಕ್ಕೆ ಅಂಟಿಸಿದಳು. ಬಿಸಿಲು, ಇಬ್ಬನಿ ತಾಗದೆ ಡಬ್ಬಿಯೊಳಗೇ ಇದ್ದ ತುಂಡು ಅದು. ಮಗುಚಿ ಹಾಕಿ ಬಟನ್ ಒತ್ತಿದಳು.

ಮೊದಲು ಬರೀ ಸ್‌ಸ್‌ಸ್ ಎಂಬ ಸದ್ದು. ಆಮೇಲೆ ಯಾರೋ ಕೆಮ್ಮಿದರು. ಜಗಲಿಯ ಮೇಲೇ ಕೆಮ್ಮಿದಷ್ಟು ಸ್ಪಷ್ಟ.

"ಲೇ ನಟ, ನಿನ್ ಗಿಟಾರ್ ಟ್ಯೂನ್ ಆಗೈತೇನೋ? ಇಲ್ದಿದ್ರೂ ಶುರು ಮಾಡು, ಯಾರು ಕೇಳ್ತಾರೆ! ಒನ್, ಟೂ, ತ್ರೀ..."

ಅಂಗಳದಲ್ಲಿದ್ದ ದೊಡ್ಡಪ್ಪ ತಿರುಗಿ ನಿಂತರು.

ಗಿಟಾರು ಗುಡುಗಿತು. ಡ್ರಮ್ಸು ಲಾರಿ ಘಟ್ಟ ಹತ್ತಿದಂತೆ ಹತ್ತಿತು. ಅದರ ಮೇಲೆ ಒಂದು ದನಿ ಎದ್ದಿತು. ತಗಡು ಬಡಿದಂತಿರಲಿಲ್ಲ ಅದು. ಒರಟಾಗಿತ್ತು, ಆದರೆ ಒಳಗೆಲ್ಲೋ ನಗುವಿತ್ತು.

ಮಾರನಹಳ್ಳಿ ತಿರುವಿನಲ್ಲಿ ಲಾರಿ ನಿಂತೈತೆ
ಮಂಜು ಮುಂದೆ, ಮಂಜು ಹಿಂದೆ, ಲೈಟು ಕೆಟ್ಟೈತೆ
ಅಮ್ಮಾ ಬಾಗ್ಲು ಹಾಕಬ್ಯಾಡ, ನಾನು

ಅಲ್ಲಿಗೆ ಮುಗಿಯಿತು. ಕತ್ತರಿ ಕತ್ತರಿಸಿದ ಜಾಗ.

ರಾಜಲಕ್ಷ್ಮಮ್ಮನ ಕೈಯಲ್ಲಿ ಕಾಫಿ ಲೋಟ ಓರೆಯಾಗಿ, ಕಾಫಿ ಸೀರೆಯ ಮೇಲೆ ಚೆಲ್ಲುತ್ತಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

"ಅಮ್ಮಾ ಅಂದ್ನಲ್ಲ? ಈ ಗಲಾಟೆ ಹಾಡಲ್ಲಿ ಅಮ್ಮಾ ಅಂದ್ನಾ ಅವನು?"

"ಹೂಂ ಅಮ್ಮ" ಅಂದರು ಯೋಗೇಶ್.

"ಇನ್ನೊಂದ್ಸಲ ಹಾಕಮ್ಮ."

ಲ್ಯಾಪ್‌ಟಾಪಿನಲ್ಲಿ ಅದಾಗಲೇ ರೆಕಾರ್ಡ್ ಆಗಿತ್ತು. ಹೇಮಶ್ರೀ ಮತ್ತೆ ಹಾಕಿದಳು. ಕೆಮ್ಮು, ಲೇ ನಟ, ಒನ್ ಟೂ ತ್ರೀ, ಮಾರನಹಳ್ಳಿ ತಿರುವು, ಮಂಜು, ಅಮ್ಮಾ ಬಾಗ್ಲು ಹಾಕಬ್ಯಾಡ, ನಾನು. ಮೌನ.

"ಇನ್ನೊಂದ್ಸಲ."

ಮೂರನೇ ಸಲ ಹಾಕುವಾಗ ರಶ್ಮಿತಾ ಹಾಡು ಕೇಳಲಿಲ್ಲ. ರಾಜಲಕ್ಷ್ಮಮ್ಮನನ್ನೇ ನೋಡುತ್ತಿದ್ದಳು. 'ನಾನು' ಬಂದ ಕೂಡಲೇ ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದರು. ಎರಡು ಸಲ ಕೇಳಿ ಮುಂದೇನೂ ಇಲ್ಲವೆಂದು ಗೊತ್ತಿದ್ದರೂ ಬಗ್ಗಿದರು. ಈ ಸಲ ಬರಬಹುದೇನೋ ಎಂದು ಕಾಯುತ್ತಿದ್ದರು.

"ಆಮೇಲೆ ಏನು ನಟರಾಜ? ನಾನು ಏನು? ಬತ್ತೀನಿ ಅಂದ್ನಾ? ಬರಲ್ಲ ಅಂದ್ನಾ?"

ದೊಡ್ಡಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು ಹಣೆ ಉಜ್ಜಿಕೊಂಡರು. "ಮರ್ತೋಗೈತೆ ಅಮ್ಮ. ನಾನು ಗಿಟಾರ್ ನೋಡ್ಕೊಂಡು ನಿಂತಿದ್ದೆ. ಕೇಳ್ತೀನಿ ಕೇಳ್ತೀನಿ ಅಂತ ಆಮೇಲೆ ಕೇಳ್ಲೇ ಇಲ್ಲ. ಅದನ್ನ ಹಾಕಕ್ಕೇ ಧೈರ್ಯ ಬರ್ಲಿಲ್ಲ ನಂಗೆ. ಪದ ಎಲ್ಲ ಅವನ ತಲೇಲೇ ಇತ್ತು. ಬರೆದಿಟ್ಟೋನಲ್ಲ ಅವನು."

ಯೋಗೇಶ್ ಕೂಡ ಇಲ್ಲ ಎಂದು ತಲೆ ಅಲ್ಲಾಡಿಸಿದರು.

ಮುಂದಿನ ಸಾಲು ಯಾರಿಗೂ ಗೊತ್ತಿರಲಿಲ್ಲ. ಆದರೆ ಅದು ಎಲ್ಲಿ ಹೋಯಿತೆಂದು ಆ ಜಗಲಿಯ ಮೇಲಿದ್ದ ಒಬ್ಬಳಿಗೆ ಗೊತ್ತಿತ್ತು. ಅವಳು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ದೊಡ್ಡಪ್ಪ ಹೇಗೂ ಕ್ಷಮಿಸಿಯಾಗಿತ್ತು.

ರಶ್ಮಿತಾ ಹೋಗಿ ರಾಜಲಕ್ಷ್ಮಮ್ಮನ ಕುರ್ಚಿಯ ಪಕ್ಕ ನಿಂತಳು.

"ಅಜ್ಜಿ, ಗೊತ್ತಿಲ್ಲ ಅಂದಿದ್ದು ಸುಳ್ಳು. ಉಳಿದಿದ್ದು ನನ್ನ ಕೈಲೇ ಇತ್ತು. ಕೆಸರಾಗಿತ್ತು. ದೊಡ್ಡಪ್ಪಂಗೆ ಕಾಣಬಾರದು ಅಂತ ನಾನೇ ಹಳ್ಳಕ್ಕೆ ಬಿಟ್ಬುಟ್ಟೆ. ಶುಕ್ರವಾರ."

ದೊಡ್ಡಪ್ಪ ತಲೆ ಎತ್ತಲಿಲ್ಲ. ಈ ಸಲ ಹೋಗಲಿ ಬಿಡು ಎಂದು ಯಾರೂ ಅನ್ನಲಿಲ್ಲ. ರಾಜಲಕ್ಷ್ಮಮ್ಮ ಅವಳ ಮುಖವನ್ನು ತುಂಬ ಹೊತ್ತು ನೋಡಿದರು. ಆ ಕಣ್ಣಿನಲ್ಲಿ ಕೋಪವಿತ್ತು. ರಶ್ಮಿತಾ ಆ ಕಣ್ಣು ತಪ್ಪಿಸಲಿಲ್ಲ.

"ಯಾವ ಹಳ್ಳ?" ಎಂದು ಕೇಳಿದರು ಅವರು.

"ಅಲ್ಲಿ. ಗದ್ದೆ ಆಚೆ."

"ತೋರಿಸು, ಬಾ."

"ಅಮ್ಮ, ಬದು ಜಾರ್ತದೆ, ಬ್ಯಾಡ" ಎಂದು ಯೋಗೇಶ್ ಏಳಲು ಹೋದರು. ರಾಜಲಕ್ಷ್ಮಮ್ಮ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ರಶ್ಮಿತಾ ಮುಂದೆ, ಅವರು ಹಿಂದೆ. ಕಡಿದಾದ ಕಡೆ ರಶ್ಮಿತಾ ನಿಂತು ಕಾದಳು.

ಹಳ್ಳದಲ್ಲಿ ನೀರು ಮೊಣಕಾಲುದ್ದ ಇತ್ತು. ಕಲ್ಲಿನ ಸಂದಿಯಲ್ಲಿ, ಕೇದಗೆ ಬೇರಿನಲ್ಲಿ, ಬಗ್ಗಿದ ಹುಲ್ಲಿನ ಕೆಳಗೆ ರಶ್ಮಿತಾ ಹುಡುಕಿದಳು. ನೀರಿಗಿಳಿದು ತಿರುವಿನವರೆಗೂ ಹೋಗಿ ಬಂದಳು. ಕಂದು ಬಣ್ಣದ್ದೇನೋ ಕಂಡಿತು. ಎತ್ತಿ ನೋಡಿದರೆ ಒಣಗಿದ ಬಾಳೆಯ ಸಿಪ್ಪೆ.

"ಇಲ್ಲ ಅಜ್ಜಿ."

"ಹೂಂ" ಅಂದರು ರಾಜಲಕ್ಷ್ಮಮ್ಮ.

ಅವರು ವಾಪಸ್ ಹೋಗೋಣ ಎನ್ನಲಿಲ್ಲ. ದಡದಲ್ಲಿ ನಿಂತು ನೀರು ಹೋಗುವ ಕಡೆಯೇ ನೋಡುತ್ತಿದ್ದರು. ಮಣ್ಣು ಜಾರುತ್ತಿತ್ತು. ಆಸರೆಗೆಂದು ರಶ್ಮಿತಾಳ ಭುಜದ ಮೇಲೆ ಒಂದು ಕೈ ಇಟ್ಟರು. ಅಷ್ಟು ಸಣ್ಣ ಅಜ್ಜಿಯ ಕೈ ಇಷ್ಟು ಭಾರವಿರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಭುಜ ನೋಯತೊಡಗಿತು. ಒದ್ದೆ ಕಾಲಿಗೆ ಚಳಿ ಹತ್ತಿತು.

ರಶ್ಮಿತಾ ಅಲ್ಲಾಡಲಿಲ್ಲ. ಅಜ್ಜಿಗೆ ಸಾಕೆನಿಸುವವರೆಗೂ ಹಾಗೆಯೇ ನಿಂತಿದ್ದಳು.